ಕಾಳಿಯಿಂದ ವರದೆವರೆಗೆ ಕಪ್ಪೆಚಿಪ್ಪು ಹೆಕ್ಕಿದ್ದು

ಮೊದಲೇ ಹೇಳ್ಬಿಡ್ತೇನೆ, ನಾನು ಚಿಪ್ಪಿನ ತಜ್ಞ ಅಲ್ಲ. ಕಾರವಾರದಲ್ಲಿ ಹೈಸ್ಕೂಲ್ ವಿಜ್ಞಾನ ಮಾಸ್ತರ್. ನನ್ನ ಜೊತೆ ಕಾಲೇಜಲ್ಲಿ ಓದಿದ ಸ್ನೇಹಿತೆಯೊಬ್ಬಳು ಸಿಹಿನೀರಿನ ಕಪ್ಪೆಚಿಪ್ಪಿನ ಮೇಲೆ ಪಿಎಚ್‌ಡಿ ಮಾಡ್ತಾ ಇದ್ದಾಳೆ, ಅವಳಿಗೆ ನಮ್ಮ ಜಿಲ್ಲೆದು ಬೇಕಿತ್ತು, ಬರೋಕೆ ಪುರ್ಸೊತ್ತಿಲ್ಲ. ಮಾರ್ಚಲ್ಲಿ ಒಟ್ಟಿಗೆ ಐದು ದಿನ ರಜೆ ಸಿಕ್ತು ನಂಗೆ, ನಾನು ಹೋಗ್ತೇನೆ ಮಾರಾಯ್ತಿ ಅಂದೆ, ಅಷ್ಟೇ ಕತೆ.

ಅವಳು ವಾಟ್ಸಾಪಲ್ಲಿ ಕಳ್ಸಿದ ರೂಲ್ಸ್ ಮಾತ್ರ ನಮ್ಮ ಬೋರ್ಡ್ ಎಕ್ಸಾಮಿಗಿಂತ ಸ್ಟ್ರಿಕ್ಟು. ಖಾಲಿ ಚಿಪ್ಪು ಮಾತ್ರ, ಜೀವ ಇರೋದು ಕೈಗೆ ಬಂದ್ರೆ ಫೋಟೋ ತೆಗ್ದು ಅಲ್ಲೇ ವಾಪಸ್ ಇಡು. ಕಾಯ್ದಿಟ್ಟ ಜಾಗದಲ್ಲಿ ಒಂದು ಚೂರೂ ಮುಟ್ಬೇಡ. ಒಂದು ಜಾಗಕ್ಕೆ ಒಂದು ಚೀಲ. ಪ್ರತಿ ಚೀಲದ ಒಳಗೆ ಒಂದು ಚೀಟಿ, ಅದ್ರಲ್ಲಿ ಊರು, ಹೊಳೆ, ತಾರೀಕು, ಜಿಪಿಎಸ್, ಹೆಕ್ಕಿದವರ ಹೆಸರು. ಪೆನ್ಸಿಲಲ್ಲೇ ಬರಿ ಅಂತ ದೊಡ್ಡಕ್ಷರದಲ್ಲಿ ಹಾಕಿದ್ಲು. ನಾನು ಅದನ್ನ ಓದಿದ್ದೆ, ಓದಿಲ್ಲ ಅಂತಲ್ಲ. ಮುಂದೆ ಹೇಳ್ತೇನೆ.

ಮೊದಲ ದಿನ

ಕಾರವಾರದಿಂದ ಕದ್ರಾ ಕಡೆಗೆ. ಬೆಳಿಗ್ಗೆ ಆರೂವರೆಗೆ ಬೈಕ್ ತೆಗ್ದೆ, ಬೆನ್ನಿಗೆ ಚೀಲ, ಚೀಲದಲ್ಲಿ ಜಿಪ್‌ಲಾಕ್ ಕವರು, ಹಳೆ ಟೂತ್‌ಬ್ರಷ್, ಲ್ಯಾಬಿಂದ ತಂದ ವರ್ನಿಯರ್ ಕ್ಯಾಲಿಪರ್, ಒಂದು ಜೆಲ್ ಪೆನ್ನು. ಕೋಡಿಬಾಗದ ಸೇತುವೆ ಹತ್ರ ಕಾಳಿ ಹೊಳೆ ಅಂದ್ರೆ ಅರ್ಧ ಸಮುದ್ರನೇ, ಅಲ್ಲಿ ಸಿಗೋದು ಉಪ್ಪುನೀರಿನ ತಿಸ್ರ್ಯೊ, ಕಲ್ವ, ನಂಗೆ ಬೇಕಾಗಿದ್ದಲ್ಲ. ಉಪ್ಪು ಮುಟ್ಟದ ಕಡೆ ಹೋಗ್ಬೇಕಿದ್ರೆ ಮೇಲೆ ಮೇಲೆ ಹೋಗ್ಬೇಕು.

ಕದ್ರಾ ಹತ್ರ ಒಂದು ಕಡೆ ಹೊಳೆಗೆ ಇಳಿಯೋ ದಾರಿ ಇತ್ತು. ಬಟ್ಟೆ ಒಗೆಯೋ ಕಲ್ಲು, ಎರಡು ಪಾತಿ ದೋಣಿ, ಅದ್ರ ಪಕ್ಕ ಬಲೆ ಬಿಡಿಸ್ತಾ ಕೂತಿದ್ದ ಒಬ್ರು ವಯಸ್ಸಾದವರು. ನಾನು ಪ್ಯಾಂಟ್ ಮಡಚೋದು ನೋಡಿ ಅವ್ರೇ ಕರೆದ್ರು.

"ಎಂಥ ಹುಡ್ಕ್ತೀರಿ ಮಾಸ್ತರ್ರೆ? ನಡು ಹೊಳಿಗೆ ಹೋಗ್ಬೇಡಿ ಮಾತ್ರ. ಮೇಲೆ ನೀರು ಬಿಟ್ರೆ ಗೊತ್ತೇ ಆಗುದಿಲ್ಲ, ಕಾಲು ಮುಳುಗೂ ನೀರು ಸೊಂಟಕ್ಕೆ ಬರ್ತದೆ."

ನಾನು ಮಾಸ್ತರ್ ಅಂತ ಅವ್ರಿಗೆ ಹೆಂಗೆ ಗೊತ್ತಾಯ್ತೋ, ಮುಖದಲ್ಲೇ ಇರ್ಬೇಕು. ಕಪ್ಪೆಚಿಪ್ಪು ಅಂದೆ. ಅವ್ರು ನಕ್ಕು, ಮೊದ್ಲೆಲ್ಲ ಕಾಲಿಗೆ ಚುಚ್ತಿತ್ತು ಅಷ್ಟಿತ್ತು, ಈಗ ನೀವೇ ನೋಡಿ ಅಂದ್ರು.

ನೋಡ್ದೆ. ಎರಡೂವರೆ ಗಂಟೆ ದಡದ ಉದ್ದಕ್ಕೆ ಬಗ್ಗಿ ನಡೆದಿದ್ದಕ್ಕೆ ಸಿಕ್ಕಿದ್ದು ಒಟ್ಟು ಏಳು ಬಿಡಿ ಚಿಪ್ಪು. ಜೋಡಿ ಒಂದೂ ಇಲ್ಲ. ಎಲ್ಲಾ ಹಳೇದು, ಹೊರಗಿನ ಕಂದು ಸಿಪ್ಪೆ ಎದ್ದು ಹೋಗಿ ಸುಣ್ಣದ ತುಂಡಿನ ಹಾಗೆ ಬೆಳ್ಳಗಾಗಿತ್ತು. ಸಾಯಂಕಾಲ ಫೋಟೋ ಕಳ್ಸಿದ್ದಕ್ಕೆ ಸ್ನೇಹಿತೆ ಹೇಳಿದ್ದು, ಇವು ಸತ್ತು ಯಾವ ಕಾಲ ಆಯ್ತೋ, ಮೇಲಿಂದ ನೀರಲ್ಲಿ ತೇಲಿ ಬಂದಿದ್ದೂ ಇರ್ಬಹುದು, ಆದ್ರೂ ಇಟ್ಕೊ. ಹೊಸದಾಗಿ ಸತ್ತಿದ್ದಾದ್ರೆ ಎರಡೂ ಹೋಳು ಹಿಂದುಗಡೆ ರಬ್ಬರಿನಂಥ ಕಟ್ಟಿನಿಂದ ಅಂಟ್ಕೊಂಡಿರ್ತದೆ, ಒಳಗೆ ಮುತ್ತಿನ ಹೊಳಪು ಹಸಿಯಾಗಿರ್ತದೆ. ಖಾಲಿ ಚಿಪ್ಪು ಸಿಕ್ಕಿದೆ ಅಂದ್ರೆ ಇಲ್ಲಿ ಚಿಪ್ಪು ಇದೆ ಅಂತಲ್ಲ, ಯಾವತ್ತೋ ಎಲ್ಲೋ ಇತ್ತು ಅಂತ ಮಾತ್ರ.

ಕಮ್ಮಿ ಆಗಿದ್ದಕ್ಕೆ ಕಾರಣ ಕೇಳಿದ್ರೆ ಅವಳು ಒಂದೇ ಕಾರಣ ಹೇಳೋಳಲ್ಲ. ಆದ್ರೆ ಒಂದು ವಿಷಯ ನಂಗೆ ತಲೇಲಿ ಕೂತ್ಕೊಂಡ್ತು. ಈ ಕಪ್ಪೆಚಿಪ್ಪಿನ ಮರಿ ಹುಟ್ಟಿದ ತಕ್ಷಣ ಕೆಸರಲ್ಲಿ ಬದುಕಲ್ಲ, ಅದು ಮೀನಿನ ಕಿವಿರನ್ನೋ ರೆಕ್ಕೆಯನ್ನೋ ಕಚ್ಕೊಂಡು ಕೆಲವು ದಿನ ಮೀನಿನ ಮೈಮೇಲೇ ಬೆಳೆದು ಆಮೇಲೆ ಉದುರಿ ತಳ ಸೇರ್ತದೆ. ಈ ಮರಿಗೆ ಗ್ಲೋಕಿಡಿಯಂ ಅಂತ ಹೆಸರು. ತಮಾಷೆ ಏನಂದ್ರೆ 1797ರಲ್ಲಿ ರಾಥ್ಕೆ ಅನ್ನೋ ವಿಜ್ಞಾನಿ ತಾಯಿ ಚಿಪ್ಪಿನ ಕಿವಿರೊಳಗೇ ಇದನ್ನ ನೋಡಿ, ಇದು ಯಾವುದೋ ಬೇರೆ ಪರಾವಲಂಬಿ ಹುಳ ಅಂದ್ಕೊಂಡು ಆ ಹೆಸರಿಟ್ಟಿದ್ದು. ಮಗುನ್ನೇ ತಾಯಿಗೆ ಹತ್ತಿದ ರೋಗ ಅಂದ್ಕೊಂಡ ಹಾಗೆ! ಅಂದ್ರೆ ಮೀನು ಮೇಲೆ ಕೆಳಗೆ ಓಡಾಡಿದ್ರೆ ಮಾತ್ರ ಚಿಪ್ಪೂ ಊರೂರು ಹೋಗ್ತದೆ, ಅದಕ್ಕೆ ಬೇರೆ ಬಸ್ಸಿಲ್ಲ. ಕಾಳಿ ಡಿಗ್ಗಿ ಹತ್ರ ಹುಟ್ಟಿ ಸಮುದ್ರ ಸೇರೋವರೆಗೆ 184 ಕಿಮೀ, ಅಷ್ಟರಲ್ಲಿ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಂತ ಅಣೆಕಟ್ಟುಗಳ ಸಾಲೇ ಇದೆ. ನೀವೇ ಲೆಕ್ಕ ಹಾಕಿ.

ಏಳು ಚಿಪ್ಪಿಗೆ ಒಂದು ಚೀಟಿ ಬರೆದೆ. ಜೆಲ್ ಪೆನ್ನಲ್ಲಿ. ಪೆನ್ಸಿಲ್ ತರೋದು ಮರ್ತಿತ್ತು.

ಎರಡನೇ ದಿನ

ಬೈಕಲ್ಲಿ ಅಂಕೋಲಾ ದಾಟಿ ಕುಮಟಾ ಕಡೆಗೆ, ಅಲ್ಲಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ಅಂತ ಪ್ಲಾನು. ಮಿರ್ಜಾನ್ ದಾಟೋ ಹೊತ್ತಿಗೆ ಇಳಿತ ಇತ್ತು, ಅಘನಾಶಿನಿ ಅರ್ಧ ಖಾಲಿ, ದಿವಗಿ ಸೇತುವೆ ಹತ್ರ ಗಾಡಿ ನಿಲ್ಲಿಸ್ದೆ. ಕೆಳಗೆ ಸೊಂಟದ ಮಟ್ಟ ನೀರಲ್ಲಿ ನಿಂತು ಹತ್ತಿಪ್ಪತ್ತು ಜನ ಬಳಚು ತೆಗೀತಾ ಇದ್ರು. ಇದು ನಂಗೆ ಬೇಕಾದ ಚಿಪ್ಪಲ್ಲ, ಉಪ್ಪು ಸಿಹಿ ಕೂಡೋ ನೀರಿಂದು, ಆದ್ರೂ ಇಳಿದೆ, ಸುಮ್ನೆ ಹೋಗೋಕೆ ಮನಸ್ಸು ಬರ್ಲಿಲ್ಲ.

ದಡದಲ್ಲಿ ಬುಟ್ಟಿ ಇಟ್ಕೊಂಡು ಕೂತಿದ್ದ ಒಬ್ರು ಅಕ್ಕ ಕಾಲಲ್ಲೇ ಹುಡುಕಿ ಕೈಯಲ್ಲಿ ಎತ್ತೋದು ಹೆಂಗೆ ಅಂತ ತೋರಿಸಿದ್ರು. ನಾನು ಟ್ರೈ ಮಾಡ್ದೆ, ಕಲ್ಲು ಸಿಕ್ತು. ಎರಡನೇ ಸಲನೂ ಕಲ್ಲೇ. ಅವ್ರು ನಗ್ತಾ, "ನಿಮ್ಗೆ ಬೇಕಾದ್ರೆ ತಕೊಂಡೇ ಹೋಗಿ, ಹೆಕ್ಕುದು ಬೇಡ" ಅಂದ್ರು. ನಮ್ಮನೇಲಿ ತಿನ್ನಲ್ಲ ಅಕ್ಕ, ಖಾಲಿ ಚಿಪ್ಪು ಇದ್ರೆ ಕೊಡಿ ಅಂದೆ. ಈ ಉತ್ತರ ಕೇಳಿ ಅವ್ರು ನನ್ನ ನೋಡಿದ ನೋಟ ಇನ್ನೂ ನೆನಪಿದೆ.

ಕೈಯಲ್ಲಿ ಹಿಡ್ಕೊಂಡು ನೋಡಿದ್ಮೇಲೆ ವ್ಯತ್ಯಾಸ ಚೆನ್ನಾಗಿ ಗೊತ್ತಾಯ್ತು. ಬಳಚಿನ ಒಳಗೆ ಪಿಂಗಾಣಿ ಬಟ್ಟಲಿನ ಹಾಗೆ ಮಂಕು ಬಿಳಿ. ಸಿಹಿನೀರಿನ ಕಪ್ಪೆಚಿಪ್ಪಿನ ಒಳಗೆ ಬೆಳಕಿಗೆ ತಿರುಗಿಸಿದ್ರೆ ಗುಲಾಬಿ, ನೀಲಿ, ಹಸಿರು ಓಡಾಡ್ತದೆ, ಸಿಡಿ ಹಾಗೆ. ಎರಡೂ ಸುಣ್ಣದ್ದೇ, ಆದ್ರೆ ಒಂದು ಮುತ್ತಿನ ಪದರ ಹಾಕ್ತದೆ, ಇನ್ನೊಂದು ಹಾಕಲ್ಲ. ಹಂಗಾಗಿ ಮುಂದಿನ ಮೂರು ದಿನ ಸಿಕ್ಕಿದವರೆಲ್ಲ ಕೇಳಿದ ಒಂದೇ ಪ್ರಶ್ನೆ "ಮುತ್ತು ಸಿಕ್ತಾ?" ಅನ್ನೋದು ಅಷ್ಟೇನೂ ಪೆದ್ದು ಪ್ರಶ್ನೆ ಅಲ್ಲ. ಭುವನೇಶ್ವರದ ಕೇಂದ್ರ ಸಿಹಿನೀರು ಮೀನುಸಾಕಣೆ ಸಂಸ್ಥೆಯಲ್ಲಿ ಈ ಸಿಹಿನೀರಿನ ಕಪ್ಪೆಚಿಪ್ಪಿನೊಳಗೇ ಮುತ್ತು ಬೆಳೆಸ್ತಾರೆ.

ಅಘನಾಶಿನಿಗೆ ಅಣೆಕಟ್ಟು ಇಲ್ಲ, ಶಿರಸಿಯಿಂದ ಸಮುದ್ರದವರೆಗೆ ಬಿಟ್ಟ ಹೊಳೆ. 2024ರಲ್ಲಿ ಈ ಅಳಿವೆ, ಜಗತ್ತಿನ ಮುಖ್ಯ ಜೌಗು ಪ್ರದೇಶಗಳದ್ದು ಅಂತ ಇರೋ ರಾಮ್ಸಾರ್ ಪಟ್ಟಿಗೂ ಸೇರಿದೆ. ಅಕ್ಕನಿಗೆ ಅದನ್ನ ಹೇಳಿದ್ರೆ, "ಅದೆಂಥದೋ ಬೋರ್ಡ್ ಹಾಕ್ತಾರಂತೆ, ನಮ್ಗೆ ಬಳಚು ತೆಗೆಯೂಕೆ ಬಿಟ್ರೆ ಸಾಕು" ಅಂದ್ರು.

ಘಟ್ಟದ ಬಗ್ಗೆ ಬರೆಯೋಕೆ ಏನಿಲ್ಲ, ಧೂಳು, ಲಾರಿ, ಮತ್ತೆ ಧೂಳು. ಸಾಯಂಕಾಲ ಶಿರಸಿ ಹತ್ರ ಅತ್ತೆ ಮನೆ ಮುಟ್ಟಿದೆ. ಆಸ್ರಿಗೆ ಕುಡಿದು, ಚೀಲ ಒಳಗೆ ತರ್ತಾ ಇದ್ದೆ, ಅತ್ತೆ ಬಾಗಿಲಲ್ಲೇ ತಡೆದ್ಲು.

"ಇದೆಂತೋ ತಮಾ, ನಾರ್ತಾ ಇದ್ದು! ಒಳಗೆ ತರಡ, ಅಂಗಳದಲ್ಲೇ ಇಟ್ಕ."

ಕಪ್ಪೆಚಿಪ್ಪು ಅಂತ ಗೊತ್ತಾದ್ಮೇಲೆ ಮಾತ್ರ ಅವಳ ದನಿನೇ ಬೇರೆ ಆಯ್ತು. ಅವಳ ತವರಲ್ಲಿ, ಅಂದ್ರೆ ನನ್ನ ಅಪ್ಪನ ಮನೇಲೇ, ಅಜ್ಜಿ ಮಾವಿನಕಾಯಿ ಸಿಪ್ಪೆ ತೆಗೀತಿದ್ದಿದ್ದು ಕಪ್ಪೆಚಿಪ್ಪಲ್ಲಂತೆ. ಚಿಪ್ಪಿನ ಉಬ್ಬಿದ ಭಾಗನ ಕಲ್ಲಿಗೆ ತಿಕ್ಕಿ ತಿಕ್ಕಿ ತೂತು ಬೀಳ್ಸೋದು, ಆ ತೂತಿನ ಅಂಚೇ ಕತ್ತಿ. ಪೀಲರ್ ಬಂದ್ಮೇಲೆ ಅದೆಲ್ಲ ಹೋಯ್ತು, ಈಗ ಚಿಪ್ಪೂ ಎಲ್ಲಿದೆ ಅಂದ್ಲು. ನಾನು ನನ್ನ ಏಳು ಬಿಳಿ ತುಂಡು ತೋರಿಸ್ದೆ. ಅವಳು ಒಂದನ್ನ ಎತ್ತಿ ನೋಡಿ, "ಇದ್ರಲ್ಲಿ ಎಂತೂ ಆಗ್ತಿಲ್ಲೆ" ಅಂತ ವಾಪಸ್ ಇಟ್ಲು.

ಮೂರನೇ ದಿನ

ಈ ದಿನಕ್ಕೋಸ್ಕರವೇ ಇಷ್ಟು ಬರೀತಾ ಇರೋದು. ಬನವಾಸಿ.

ಅತ್ತೆ ಮಗ ಜೊತೆಗೆ ಬಂದ. ನಮ್ಮಲ್ಲಿ ಅವ್ನು ನಂಗೆ ಭಾವ, ನಾನೂ ಅವ್ನಿಗೆ ಭಾವ, ಹಂಗಾಗಿ ಇಡೀ ದಿನ ಇಬ್ರೂ ಭಾವ ಭಾವ ಅಂತ ಕೂಗಾಡಿದ್ದು ಕೇಳಿ ದಡದಲ್ಲಿ ಎಮ್ಮೆ ಮೈ ತೊಳೀತಿದ್ದ ಹುಡುಗ್ರು ನಕ್ಕಿದ್ದೇ ನಕ್ಕಿದ್ದು. ಅವ್ನ ಓಮ್ನಿಲಿ ಹೋದ್ವಿ, ದಾರಿಲಿ ಅನಾನಸ್ ತೋಟ, ಅಡಿಕೆ, ಮತ್ತೆ ಅನಾನಸ್.

ಅಘನಾಶಿನಿ ಶಿರಸಿ ಹತ್ರ ಹುಟ್ಟಿ ಪಶ್ಚಿಮಕ್ಕೆ ಹೋಗ್ತದೆ. ವರದೆ ಸಾಗರ ತಾಲೂಕಿನ ವರದಾಮೂಲದಲ್ಲಿ ಹುಟ್ಟಿ, ಬನವಾಸಿನ ಮೂರು ಕಡೆ ಸುತ್ತಿ, ಗಳಗನಾಥದ ಹತ್ರ ತುಂಗಭದ್ರೆ ಸೇರಿ, ಕೃಷ್ಣೆ ಆಗಿ ಬಂಗಾಳ ಕೊಲ್ಲಿಗೆ ಹೋಗ್ತದೆ. ಅಂದ್ರೆ ಒಂದೇ ತಾಲೂಕಲ್ಲಿ ಒಂದು ಮಳೆ ಹನಿ ಆಚೆ ಬಿದ್ರೆ ಅರಬ್ಬಿ ಸಮುದ್ರ, ಈಚೆ ಬಿದ್ರೆ ಇಡೀ ದೇಶ ದಾಟಿ ಪೂರ್ವಕ್ಕೆ. ಸ್ನೇಹಿತೆಗೆ ಬೇಕಿದ್ದಿದ್ದೇ ಇದು. ಘಟ್ಟದ ಎರಡು ಕಡೆಯ ಹೊಳೆಯಲ್ಲಿ ಒಂದೇ ಜಾತಿ ಇದ್ರೂ ಆಕಾರ ಒಂದೇನಾ ಅಂತ ಅಳತೆ ಮಾಡಿ ನೋಡ್ಬೇಕಂತೆ.

ದೇವಸ್ಥಾನದ ಹಿಂದಿಂದ ಸ್ವಲ್ಪ ದೂರ ನಡ್ಕೊಂಡು ಹೋಗಿ ಇಳಿದ್ವಿ. ಮಾರ್ಚಲ್ಲಿ ವರದೆ ಹೊಳೆ ಅನ್ನೋದಕ್ಕಿಂತ ಗುಂಡಿಗಳ ಸಾಲು. ನೀರು ಇಳಿದ ಕಡೆ ಕೆಸರು ಬಿರಿದು ಅದ್ರ ಮೇಲೆ, ನಾನು ಉತ್ಪ್ರೇಕ್ಷೆ ಮಾಡ್ತಿಲ್ಲ, ಚಿಪ್ಪು ಬಿದ್ಕೊಂಡಿತ್ತು, ಅಲ್ಲೊಂದು ಇಲ್ಲೊಂದು ಅಲ್ಲ, ಮದುವೆ ಮನೆ ಅಂಗಳದಲ್ಲಿ ದೊನ್ನೆ ಬಿದ್ದಿರ್ತದಲ್ಲ ಹಾಗೆ. ಬಾಯಿ ತೆರೆದ ಜೋಡಿಗಳು, ಚಿಟ್ಟೆ ರೆಕ್ಕೆ ಬಿಚ್ಚಿಟ್ಟ ಹಾಗೆ. ಭಾವ ಮೊದ್ಲು ಹತ್ತು ನಿಮಿಷ ಸಿಗರೇಟ್ ಸೇದ್ತಾ ನೋಡ್ದ, ಆಮೇಲೆ ಅವ್ನೇ ಪಂಚೆ ಎತ್ತಿ ಕಟ್ಟಿ ಇಳಿದ, ಆಮೇಲೆ ನಂಗಿಂತ ಜಾಸ್ತಿ ಅವ್ನೇ ಹೆಕ್ಕಿದ್ದು.

ಎರಡು ಥರ ಸಿಕ್ತು. ದೊಡ್ಡದು, ಉದ್ದಕ್ಕೆ ಮೊಟ್ಟೆ ಆಕಾರ, ಕಪ್ಪು ಕಂದು ಸಿಪ್ಪೆ, ಇದು ಲ್ಯಾಮೆಲಿಡೆನ್ಸ್ ಮಾರ್ಜಿನಾಲಿಸ್. ಲಮಾರ್ಕ್ 1819ರಲ್ಲಿ ಹೆಸರಿಟ್ಟಿದ್ದು, ಕೆರೆ ಹೊಳೆ ಗದ್ದೆ ಕಾಲುವೆ ಎಲ್ಲಾ ಕಡೆ ಬದುಕೋ ಗಟ್ಟಿಗ. ಇನ್ನೊಂದು ಸಣ್ಣದು, ದುಂಡು, ಹಸಿರು ಹಳದಿ, ಪಾರೇಸಿಯಾ ಕೊರುಗಾಟಾ, ಇದಕ್ಕೆ ಹೆಸರಿಟ್ಟಿದ್ದು ಮುಲ್ಲರ್, 1774ರಲ್ಲಿ. ಕೊರುಗಾಟಾ ಅಂದ್ರೆ ಸುಕ್ಕುಸುಕ್ಕು, ತಲೆ ಭಾಗದಲ್ಲಿ ಅಂಕುಡೊಂಕು ಗೆರೆ ಇರ್ತದೆ. ನಾನು ಮೊದ್ಲು ಸಣ್ಣದು ದೊಡ್ಡದರ ಮರಿ ಅಂದ್ಕೊಂಡಿದ್ದೆ. ಫೋನಲ್ಲಿ ಬೈಸ್ಕೊಂಡೆ. ಒಳಗೆ ಕೀಲಿನ ಹತ್ರ ಹಲ್ಲು ನೋಡು ಅಂದ್ಲು, ನೋಡಿದ್ರೆ ಹೌದು, ದೊಡ್ಡದರ ಹಲ್ಲು ಕಾಗದದ ಮಡಿಕೆ ಹಾಗೆ ತೆಳ್ಳಗೆ ಉದ್ದಕ್ಕಿದೆ, ಸಣ್ಣದರದ್ದು ನಮ್ಮ ದವಡೆ ಹಲ್ಲಿನ ಹಾಗೆ ಗಿಡ್ಡ, ಒರಟು. ಒಂದು ಸಲ ಗೊತ್ತಾದ್ಮೇಲೆ ಕಣ್ಮುಚ್ಚಿ ಬೆರಳಲ್ಲೇ ಹೇಳ್ಬಹುದು. ಭಾವನಿಗೂ ಕಲಿಸ್ದೆ. ಅವ್ನು "ಇದು ಹಲ್ಲಲ್ಲ, ಕೀಲಿನ ಕಟ್ಟು, ನಮ್ಮ ಪೆಟ್ಟಿಗೆ ಮುಚ್ಚಲದ್ದು ಹೀಂಗೇ ಇದ್ದು" ಅಂದ. ಕೆಲಸ ಅದೇ, ಎರಡು ಹೋಳು ಆಚೀಚೆ ಜಾರದ ಹಾಗೆ ಹಿಡಿಯೋದು.

ಭಾಳ ಚಿಪ್ಪಿನ ತಲೆ ಸವೆದು ಗುಳಿ ಬಿದ್ದಿತ್ತು, ಯಾರೋ ಕೆರೆದ ಹಾಗೆ. ನಮ್ಮ ಮಲೆನಾಡಿನ ನೀರಲ್ಲಿ ಸುಣ್ಣದ ಅಂಶ ಕಮ್ಮಿ, ಸ್ವಲ್ಪ ಹುಳಿ ನೀರು, ಚಿಪ್ಪಿನ ಹಳೇ ಭಾಗದ ಸಿಪ್ಪೆ ಕಿತ್ತ ಕೂಡ್ಲೇ ನೀರೇ ಅದನ್ನ ತಿನ್ನೋಕೆ ಶುರು ಮಾಡ್ತದೆ. ಬದುಕಿರೋವಾಗ್ಲೇ! ಮತ್ತೆ ಮೇಲಿನ ಗೆರೆ ಎಣಿಸಿ ವಯಸ್ಸು ಹೇಳ್ತೀರಾ ಅಂತ ಹುಡುಗ್ರು ಕೇಳಿದ್ರು, ಮರದ ಥರ. ಚಳಿ ದೇಶದಲ್ಲಿ ಚಳಿಗಾಲಕ್ಕೊಂದು ಗೆರೆ ಅಂತಾರೆ, ಇಲ್ಲಿ ನೀರು ಇಳಿದಾಗ ಕಷ್ಟ ಬಂದಾಗೆಲ್ಲ ಬೆಳವಣಿಗೆ ನಿಲ್ತದೆ, ಸುಮ್ನೆ ಕಣ್ಣಲ್ಲಿ ಎಣಿಸಿದ್ರೆ ತಪ್ಪೇ ಆಗೋದು.

ಒಂದು ಗುಂಡಿಯ ಅಂಚಲ್ಲಿ ಕೆಸರ ಮೇಲೆ ಬೆರಳಲ್ಲಿ ಎಳೆದ ಹಾಗೆ ಗೆರೆ, ಗೆರೆಯ ತುದಿಯಲ್ಲಿ ಚಿಪ್ಪಿನ ಬೆನ್ನು. ಎತ್ತಿದೆ, ಬಿಗಿ ಮುಚ್ಕೊಂಡ್ತು. ಜೀವ ಇತ್ತು. ನೀರು ಹಿಂದೆ ಹೋದ ಹಾಗೆ ಅದೂ ಒಂದೇ ಕಾಲಲ್ಲಿ ಕೆಸರು ತಳ್ಳಿ ತಳ್ಳಿ ನೀರಿನ ಹಿಂದೆ ಹೊರಟಿತ್ತು. ಫೋಟೋ ತೆಗ್ದು ಎತ್ತಿದ ತೂತಲ್ಲೇ ಇಟ್ಟೆ. ಭಾವ, ನೀರೊಳಗೇ ಬಿಡನ, ಪಾಪ ಅಂದ. ರೂಲ್ ಪ್ರಕಾರ ಎತ್ತಿದಲ್ಲೇ ಇಡ್ಬೇಕು ಅಂದೆ. ನಾನು ಆಚೆ ತಿರುಗಿದಾಗ ಅವ್ನು ಅದನ್ನ ನೀರಿಗೆ ಜಾರಿಸಿದ್ದು ನಂಗೆ ಗೊತ್ತಾಯ್ತು, ಗೊತ್ತಾಗದ ಹಾಗೆ ಇದ್ದೆ.

ಮಧ್ಯಾಹ್ನ ಆಗೋ ಹೊತ್ತಿಗೆ ಮೂರು ಜಾಗದಲ್ಲಿ ಮೂರು ಚೀಲ, ಒಟ್ಟು 64 ಜೋಡಿ, ಬಿಡಿ ಹೋಳು ಲೆಕ್ಕ ಹಾಕ್ಲಿಲ್ಲ. ಬಂಡೆ ಇದ್ದ ಕಡೆ ಒಂದು ಸಲ ಕೈಯಾಡಿಸಿಯೂ ನೋಡಿದೆ, ಅದಕ್ಕೆ ಬೇರೆ ಆಸೆ. ತುಂಗಭದ್ರೆಯ ಮೇಲ್ಭಾಗದಲ್ಲಿ, ಭದ್ರಾ ಹೊಳೆಯಲ್ಲಿ, ಬಂಡೆಗೆ ಸಿಮೆಂಟ್ ಹಾಕಿದ ಹಾಗೆ ಅಂಟ್ಕೊಂಡೇ ಬದುಕೋ ಒಂದು ವಿಚಿತ್ರ ಚಿಪ್ಪಿದೆ, ಸೂಡೋಮುಲ್ಲೇರಿಯಾ ಡಾಲಿಯಿ, 1898ರಲ್ಲಿ ಸ್ಮಿತ್ ಅನ್ನೋವ್ರು ಮೊದ್ಲು ವರ್ಣಿಸಿದ್ದು. ಪಶ್ಚಿಮಘಟ್ಟ ಬಿಟ್ರೆ ಬೇರೆಲ್ಲೂ ಇಲ್ಲ, ಅದರ ಹಾಗೆ ಅಂಟ್ಕೊಳ್ಳೋ ಸಿಹಿನೀರ ಚಿಪ್ಪು ನೋಡ್ಬೇಕಾದ್ರೆ ಹೆಚ್ಚಾಗಿ ಆಫ್ರಿಕಾಕ್ಕೋ ದಕ್ಷಿಣ ಅಮೆರಿಕಕ್ಕೋ ಹೋಗ್ಬೇಕು. ಸಿಗ್ಲಿಲ್ಲ ಬಿಡಿ. ಸಿಕ್ಕಿದ್ರೆ ಈ ಬರಹ ಅದ್ರಿಂದಲೇ ಶುರುವಾಗ್ತಿತ್ತು.

ಚೀಲ ನಂಬರ್ ಎರಡರಲ್ಲೋ ಮೂರರಲ್ಲೋ ಒಂದು ದೈತ್ಯ ಇತ್ತು. 9.8 ಸೆಂಟಿಮೀಟರ್, ಜೋಡಿ, ಕಟ್ಟು ಹರಿದಿಲ್ಲ, ಸಿಪ್ಪೆ ಪೂರ್ತಿ, ಒಳಗೆ ನೀಲಿ ಮುತ್ತಿನ ಹೊಳಪು. ಎರಡರಲ್ಲೋ ಮೂರರಲ್ಲೋ ಅಂದೆ ನೋಡಿ, ಅಲ್ಲೇ ಇರೋದು ಕತೆ.

ನಾಲ್ಕನೇ ದಿನ

ಬೆಳಿಗ್ಗೆ ಸಹಸ್ರಲಿಂಗ. ಶಾಲ್ಮಲಾ ಹೊಳೆಯ ಬಂಡೆ ಮೇಲೆಲ್ಲ ಲಿಂಗ, ನಂದಿ, ನೀರು ಕಮ್ಮಿ ಇದ್ದಿದ್ದಕ್ಕೆ ಚೆನ್ನಾಗಿ ಕಾಣ್ತಿತ್ತು. ಅದು ಸಂರಕ್ಷಿತ ಪ್ರದೇಶ, ಹಂಗಾಗಿ ಕೈ ಕಟ್ಕೊಂಡು ನೋಡಿದ್ದಷ್ಟೇ. ಒಂದು ನಂದಿಯ ಬುಡದಲ್ಲಿ ಮರಳಿನ ಮೇಲೆ ಪಾರೇಸಿಯಾದ ಹೋಳೊಂದು ಬಿದ್ದಿತ್ತು, ಫೋಟೋ ತೆಗ್ದು ಬಂದೆ. ಕಿಸೆಗೆ ಹಾಕ್ಕೊಳ್ಳೋ ಆಸೆ ಆಗ್ಲಿಲ್ಲ ಅಂದ್ರೆ ಸುಳ್ಳಾಗ್ತದೆ.

ಮಧ್ಯಾಹ್ನದ ಮೇಲೆ ಭಾವ ಒಂದು ಕೆರೆಗೆ ಕರ್ಕೊಂಡು ಹೋದ. ಊರವರು ಸೇರಿ ಹೂಳೆತ್ತಿಸ್ತಾ ಇದ್ರು, ಎರಡು ಜೆಸಿಬಿ, ದಂಡೆ ಮೇಲೆ ಮನೆಯೆತ್ತರ ಕಪ್ಪು ಮಣ್ಣಿನ ರಾಶಿ. ಆ ರಾಶಿ ತುಂಬ ಚಿಪ್ಪು! ಕೆಲವು ಅಂತೂ ಮುಟ್ಟಿದ್ರೆ ಪದರ ಪದರ ಬಿಚ್ಚಿ ಹಪ್ಪಳದ ಥರ ಪುಡಿ ಆಗ್ತಿತ್ತು. ನಂಗೆ ಖುಷಿಯೋ ಖುಷಿ. ಸ್ನೇಹಿತೆಗೆ ಫೋನ್ ಮಾಡಿದ್ರೆ ಅವಳು ಅಷ್ಟೇನೂ ಕುಣೀಲಿಲ್ಲ. ಯಾವ ಆಳದಿಂದ ಬಂದಿದ್ದು ಅಂತ ಗೊತ್ತಾ ಅಂದ್ಲು. ಜೆಸಿಬಿ ಡ್ರೈವರ್‌ನ ಕೇಳ್ದೆ. ಅವ್ನು ಕೆಳಗಿಳಿದು ಬಂದು, ಬಾಯಲ್ಲಿದ್ದ ಕವಳ ಉಗಿದು, ಮೂರು ಅಡಿ ಕೆಳಗೆ ಜಾಸ್ತಿ ಸಿಕ್ತಾ ಇತ್ತು ಸರ್, ಮೇಲಿನ ಕೆಸರಲ್ಲಿ ಬರೀ ಪ್ಲಾಸ್ಟಿಕ್ಕು ಅಂದ. ಅದನ್ನ ಹಾಗೇ ಬರ್ಕೊಂಡೆ. ಆಮೇಲೆ ಅವಳು ಹೇಳಿದ್ದು, ನೀನು ಈ ಪ್ರವಾಸದಲ್ಲಿ ಬರೆದ ಅತಿ ಒಳ್ಳೆ ನೋಟ್ ಇದು ಅಂತ. ಹೊಗಳಿದ್ದು ನನ್ನನ್ನೋ ಡ್ರೈವರ್‌ನನ್ನೋ ಗೊತ್ತಾಗ್ಲಿಲ್ಲ.

ಮನೆಗೆ ಬರ್ತಾ ಇದ್ದ ಹಾಗೇ ಮಳೆ. ಮಾರ್ಚ್ ಮಳೆ, ಹದಿನೈದು ನಿಮಿಷ, ಆದ್ರೆ ಅಂಗಳ ಪೂರ್ತಿ ಕೆರೆ. ಚೀಲ ಎಲ್ಲಾ ಅಂಗಳದಲ್ಲೇ ಇತ್ತು, ಅತ್ತೆ ಆರ್ಡರ್ ಪ್ರಕಾರ.

ಐದನೇ ದಿನ

ಬೆಳಿಗ್ಗೆ ಬಾವಿಕಟ್ಟೆ ಹತ್ರ ಕೂತು ತೊಳೆಯೋಕೆ ಶುರು ಮಾಡ್ದೆ. ಬರೀ ನೀರು, ಮೆತ್ತಗಿನ ಬ್ರಷ್. ಹುಳಿ ಮುಟ್ಟಿಸ್ಬಾರ್ದು, ಬ್ಲೀಚ್ ಹಾಕ್ಬಾರ್ದು. ಒಣಗಿಸೋದು ನೆರಳಲ್ಲಿ, ಬಿಸಿಲಿಗಿಟ್ರೆ ಹೊರಗಿನ ಸಿಪ್ಪೆ ಬಿರಿದು ಹಪ್ಪಳಿಕೆ ಏಳ್ತದೆ.

ಮೊದಲ ಚೀಲ ತೆಗ್ದೆ. ಚೀಟಿ ತೆಗ್ದೆ. ಚೀಟಿ ಬೆಳ್ಳಗಿತ್ತು, ಅಲ್ಲಲ್ಲಿ ನೀಲಿ ಮೋಡ. ಜಿಪ್‌ಲಾಕ್ ಸರಿ ಹಾಕದ ಕವರೊಳಗೆ ಮಳೆ ನೀರು, ಹಸಿ ಚಿಪ್ಪು, ಎರಡು ದಿನ, ಜೆಲ್ ಪೆನ್ನು, ಇನ್ನೇನಾಗ್ತದೆ. ಐದು ಚೀಲದಲ್ಲಿ ಮೂರರ ಚೀಟಿ ಹೋಗಿತ್ತು, ಮೂರೂ ಬನವಾಸಿದೇ. ಕದ್ರಾದ್ದು ಏಳೇ ಏಳು ಒಣ ಚಿಪ್ಪಾಗಿದ್ದಕ್ಕೆ ಉಳ್ಕೊಂಡ್ತು, ಕೆರೆಯ ಚೀಲದ ಚೀಟಿ ಭಾವನ ಕಿಸೆಯಲ್ಲಿದ್ದ ಅಡಿಕೆ ಲೆಕ್ಕದ ಪೆನ್ಸಿಲಲ್ಲಿ ಬರೆದಿದ್ದು, ಅದಕ್ಕೇನೂ ಆಗಿಲ್ಲ.

ಫೋನ್ ಮಾಡ್ದೆ. ಅರ್ಧ ನಿಮಿಷ ಆಚೆ ಕಡೆಯಿಂದ ಮಾತಿಲ್ಲ. ಆಮೇಲೆ, ಫೋಟೋ ಇದ್ಯಾ ಅಂದ್ಲು. ಒಂದನೇ ಜಾಗದ ಚಿಪ್ಪೆಲ್ಲ ಹರವಿ ಫೋಟೋ ತೆಗ್ದಿದ್ದೆ, ಫೋಟೋದಲ್ಲೇ ಟೈಮು, ಲೊಕೇಶನ್ ಇತ್ತು, ಒಂದೊಂದಾಗಿ ಹೋಲಿಸಿ ಆ ಚೀಲ ಉಳೀತು. ಎರಡು ಮತ್ತೆ ಮೂರು? ಮೂರನೇದಕ್ಕೂ ಭಾವನ ಫೋನಲ್ಲಿ ಫೋಟೋ ಇತ್ತು, ಅದ್ರಲ್ಲಿ ಚಿಪ್ಪಿಗಿಂತ ಭಾವನೇ ಜಾಸ್ತಿ ಕಾಣ್ತಿದ್ದ, ಆದ್ರೂ ಗುರುತು ಸಿಕ್ಕಷ್ಟು ಬೇರೆ ಮಾಡಿದ್ವಿ. ಆದ್ರೆ ತೊಳೆಯೋ ಅವಸರದಲ್ಲಿ ನಾನು ಎರಡೂ ಚೀಲ ಒಂದೇ ಬುಟ್ಟಿಗೆ ಸುರ್ಕೊಂಡಿದ್ದೆ. ಕೊನೆಗೆ 17 ಜೋಡಿ ಯಾವ ಜಾಗದ್ದು ಅಂತ ಗೊತ್ತಾಗದೇ ಉಳೀತು. ಆ 9.8 ಸೆಂಟಿಮೀಟರಿನದ್ದೂ ಅದ್ರಲ್ಲೇ.

ಎರಡೂ ಜಾಗಕ್ಕೆ ಮಧ್ಯೆ ಇರೋದು ಅರ್ಧ ಕಿಲೋಮೀಟರ್, ಬನವಾಸಿ ಅಂತ ಬರೆದ್ರೆ ಆಗಲ್ವಾ ಅಂತ ಕೇಳ್ದೆ. ಒಂದು ಜಾಗ ಹಳ್ಳ ಬಂದು ಸೇರೋ ಕಡೆ ಅಲ್ವಾ, ಇನ್ನೊಂದು ಅದ್ರ ಮೇಲೆ ಅಲ್ವಾ ಅಂದ್ಲು. ಹೌದು. ಹಂಗಿದ್ರೆ ನಂಗೆ ಬೇಡ, ಊಹೆ ಮಾಡಿ ಚೀಟಿ ಬರೆದ್ರೆ ಮುಂದೆ ಓದೋರು ಅದನ್ನ ನಿಜ ಅಂತ ನಂಬ್ತಾರೆ, ನಿನ್ನ ಶಾಲೆ ಮಕ್ಕಳಿಗೆ ಹಲ್ಲು ತೋರಿಸೋಕೆ ಇಟ್ಕೊ ಅಂದ್ಲು. ಸಿಟ್ಟಿರ್ಲಿಲ್ಲ ದನಿಯಲ್ಲಿ, ಅದೇ ಕಷ್ಟ ಆಗಿದ್ದು.

ಹದಿನಾರನ್ನ ಶಾಲೆಗೆ ಅಂತ ಕಟ್ಟಿದೆ. ದೊಡ್ಡದನ್ನ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ. ಅತ್ತೆ ನೀರು ಸೇದೋಕೆ ಬಂದೋಳು ನಿಂತ್ಲು.

"ಅದಕ್ಕೆಂತ ಆತು?"

ಚೀಟಿ ಹೋಯ್ತು ಅತ್ತೆ, ಇದು ಇನ್ನು ಲೆಕ್ಕಕ್ಕಿಲ್ಲ.

"ನಿಂಗೆ ಬ್ಯಾಡ ಅಲ್ದಾ? ಕೊಡು ಇತ್ಲಾಗೆ."

ಹಿಂದಿನ ಕಟ್ಟು ಒಂದೇ ತಿರುವಿಗೆ ಮುರಿದ್ಲು. ಒಂದು ಹೋಳನ್ನ ಬಟ್ಟೆ ಒಗೆಯೋ ಕಲ್ಲಿಗೆ ಬೋರಲು ಹಾಕಿ, ನೀರು ಬಿಟ್ಕೊಂಡು ತಿಕ್ಕೋಕೆ ಶುರು ಮಾಡಿದ್ಲು, ಉಬ್ಬಿದ ಜಾಗ ಮೊದ್ಲು ಬಿಳಿ ಆಯ್ತು, ಆಮೇಲೆ ಹೊಳೆದ್ತು, ಆಮೇಲೆ ಹುಣಸೆ ಬೀಜದಷ್ಟು ತೂತು. ಬೆರಳಲ್ಲಿ ಅಂಚು ಮುಟ್ಟಿ ನೋಡಿ ಇನ್ನೊಂದು ಸ್ವಲ್ಪ ತಿಕ್ಕಿದ್ಲು. ಒಳಗಿಂದ ಎರಡು ಮಾವಿನಕಾಯಿ ತರೋಕೆ ಹೇಳಿದ್ಲು ಭಾವನಿಗೆ.

ಮೊದಲ ಕಾಯಿಗೆ ಸಿಪ್ಪೆ ತುಂಡು ತುಂಡಾಗಿ ಬಂತು, ಕೈಗೆ ಮರ್ತಿದೆ ಅಂದ್ಲು. ಎರಡನೇದಕ್ಕೆ ಉದ್ದ ಎಳೆ, ಪೀಲರಿಗಿಂತ ತೆಳ್ಳಗೆ. ಇನ್ನೊಂದು ಹೋಳು ನಂಗೆ ವಾಪಸ್ ಕೊಡ್ತಾಳೇನೋ ಅಂತ ನೋಡ್ತಾ ಇದ್ದೆ. ಅದನ್ನ ತೊಳೆದು, ಅಡುಗೆ ಮನೆ ಕಿಟಕಿ ಮೇಲೆ, ಉಪ್ಪಿನ ಭರಣಿ ಪಕ್ಕ ಇಟ್ಕೊಂಡ್ಲು.